ಜುಮಾದ ಚಂದಾ ಮತ್ತು ಆಸ್ಪತ್ರೆಯ ಬಿಲ್ಲು

ಜುಮಾ ನಮಾಝ್ ಮುಗಿದು ಸಲಾಂ ಹೇಳಿದ ಕೂಡಲೇ ಖತೀಬರ ಕೈಗೆ ಒಂದು ಚೀಟಿ ಬರುತ್ತದೆ. ಹುಬ್ಬಳ್ಳಿಯ ನಮ್ಮ ಪಳ್ಳಿಯಲ್ಲಿ ತಿಂಗಳಿಗೆ ಎರಡು ಮೂರು ಸಲ ಹೀಗೆ ಆಗುವುದುಂಟು. ಇಂಥವರಿಗೆ ಕಿಡ್ನಿ ತೊಂದರೆ, ಇಂಥವರ ಮಗುವಿಗೆ ಆಪರೇಷನ್, ಕೈಲಾದಷ್ಟು ಸಹಾಯ ಮಾಡಿ ಎಂದು. ಬಾಗಿಲಲ್ಲಿ ಇಬ್ಬರು ಹುಡುಗರು ಶಾಲು ಹಿಡಿದು ನಿಲ್ಲುತ್ತಾರೆ. ನಾನು ಮದ್ರಸದಲ್ಲಿ ಪಾಠ ಹೇಳುವವನು, ಆದರೆ ಈ ಚಂದಾದ ಲೆಕ್ಕ ಬರೆದಿಡುವ ಕೆಲಸವೂ ನನ್ನದೇ. ಮೊನ್ನೆ ಹಳೆಯ ಪುಸ್ತಕ ತಿರುವಿ ನೋಡಿದೆ. ಮನೆ ರಿಪೇರಿ ಇದೆ, ಮದುವೆ ಇದೆ, ಮಕ್ಕಳ ಫೀಸು ಇದೆ. ಆದರೆ ಎಲ್ಲದಕ್ಕಿಂತ ಹೆಚ್ಚು ಕಾಣುವುದು ಆಸ್ಪತ್ರೆ.

ಅದರಲ್ಲಿ ಒಂದು ಹೆಸರು ನೋಡುವಾಗ ನನಗೆ ಈಗಲೂ ಮನಸ್ಸು ಭಾರವಾಗುತ್ತದೆ. ನಮ್ಮ ಊರ ಕಡೆಯಿಂದ ಬಂದು ಇಲ್ಲಿ ಬೇಕರಿಯಲ್ಲಿ ಕೆಲಸ ಮಾಡುವ ಯುವಕ. ಹೃದಯದ ಒಂದು ಕವಾಟ ಸರಿ ಇಲ್ಲ, ಎರಡು ತಿಂಗಳೊಳಗೆ ಆಪರೇಷನ್ ಮಾಡಿಸಬೇಕು ಎಂದು ಡಾಕ್ಟರು ಹೇಳಿದ್ದರು. ಅವನು ಬಂದು ನನ್ನಲ್ಲಿ ಕೇಳಿದ, "ಉಸ್ತಾದ್, ಕಿಮ್ಸ್‌ಗೆ ಹೋಗ್ಲಾ, ಪ್ರೈವೇಟ್‌ಗೆ ಹೋಗ್ಲಾ?" ನಾನು ಹೇಳಿದೆ, "ಕಿಮ್ಸ್‌ನಲ್ಲಿ ರಶ್ಶು, ಮೊದಲು ಒಳ್ಳೆ ಕಡೆ ಸೇರು, ಹಣ ನಾವು ನೋಡುವ." ಹೆಂಡತಿಯ ಚಿನ್ನ ಅಡವಿಟ್ಟು ಅಡ್ವಾನ್ಸ್ ಕಟ್ಟಿದರು. ನಾವು ಮೂರು ಪಳ್ಳಿಗಳಲ್ಲಿ ಎತ್ತಿದ ಹಣ ಬಿಲ್ಲಿನ ಮೂರನೇ ಒಂದು ಭಾಗವೂ ಆಗಲಿಲ್ಲ. ಆಮೇಲೆ ಗೊತ್ತಾಯಿತು, ಅವನ ಮನೆಯಲ್ಲಿ ಬಿಪಿಎಲ್ ಕಾರ್ಡ್ ಇತ್ತು. ಸರಕಾರಿ ಆಸ್ಪತ್ರೆಯಲ್ಲಿ ತೋರಿಸಿ ಅಲ್ಲಿಂದ ರೆಫರಲ್ ಪತ್ರ ತಂದಿದ್ದರೆ ಅದೇ ಆಪರೇಷನ್ ಹಣವಿಲ್ಲದೆ ಆಗುತ್ತಿತ್ತು. ವಿಚಾರಿಸಲು ಹೋದಾಗ ಅಲ್ಲಿದ್ದವರು ಒಂದೇ ಮಾತು ಹೇಳಿದರು: "ಮೊದ್ಲ ಇಲ್ಲಿ ಬಂದಿದ್ರ ಆಗ್ತಿತ್ತಲ್ರೀ." ತಪ್ಪು ಸಲಹೆ ಕೊಟ್ಟವನು ನಾನೇ. ಆದ್ದರಿಂದಲೇ ಈ ವಿಷಯ ಸ್ವಲ್ಪ ಓದಿ, ಕೇಳಿ, ಬರೆಯುತ್ತಿದ್ದೇನೆ.

ಈಗ ಇದರ ಚರ್ಚೆ ಮತ್ತೆ ಎದ್ದಿದೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಮೇಲಿದ್ದ ಶೇ. 18 ಜಿಎಸ್‌ಟಿಯನ್ನು ಪೂರ್ತಿ ತೆಗೆದಿದ್ದಾರೆ. 20,000 ರೂಪಾಯಿ ಪ್ರೀಮಿಯಂಗೆ 3,600 ರೂಪಾಯಿ ತೆರಿಗೆ ಕಟ್ಟುತ್ತಿದ್ದವರಿಗೆ ಇದು ಸಣ್ಣ ಮಾತಲ್ಲ. ಅಂದಿನಿಂದ ನಮ್ಮ ಅಂಗಡಿಗಳಿಗೆ ಏಜೆಂಟರ ಓಡಾಟ ಜಾಸ್ತಿಯಾಗಿದೆ. ಒಂದು ಕಡೆಯವರು ಹೇಳ್ತಾರೆ: ಸರಕಾರ ಆಸ್ಪತ್ರೆ ನಡೆಸುವುದು ಸಾಕು, ಜನ ವಿಮೆ ಮಾಡಿಸಿ ಬೇಕಾದಲ್ಲಿ ಹೋಗಲಿ. ಇನ್ನೊಂದು ಕಡೆಯವರು ಹೇಳ್ತಾರೆ: ಆರೋಗ್ಯ ಸರಕಾರದ ಹೊಣೆ, ಅದನ್ನು ಮಾರುಕಟ್ಟೆಗೆ ಬಿಡಬಾರದು. ನಾವು ಯಾವುದನ್ನು ನಂಬಬೇಕು?

ಬೇರೆ ದೇಶಗಳಲ್ಲಿ ಎರಡೂ ದಾರಿಗಳನ್ನು ಕಾಣಬಹುದು. ಬ್ರಿಟನ್ನಿನಲ್ಲಿ 1948ರ ಜುಲೈ 5ರಂದು ರಾಷ್ಟ್ರೀಯ ಆರೋಗ್ಯ ಸೇವೆ ಶುರುವಾಯಿತು. ತೆರಿಗೆಯ ಹಣದಲ್ಲಿ ಎಲ್ಲರಿಗೂ ಚಿಕಿತ್ಸೆ, ಆಸ್ಪತ್ರೆಯಲ್ಲಿ ಬಿಲ್ಲು ಇಲ್ಲ. ಅಲ್ಲಿಯೂ ಸರದಿಗಾಗಿ ತಿಂಗಳುಗಟ್ಟಲೆ ಕಾಯುವ ದೂರು ಇದೆ, ಆದರೆ ಕಾಯಿಲೆ ಬಂತೆಂದು ಮನೆ ಮಾರುವ ಸ್ಥಿತಿ ಇಲ್ಲ. ಅಮೆರಿಕದಲ್ಲಿ ದುಡಿಯುವವರಲ್ಲಿ ಹೆಚ್ಚಿನವರು ನಂಬಿರುವುದು ಖಾಸಗಿ ವಿಮೆಯನ್ನು, ಅದೂ ಕೆಲಸ ಕೊಟ್ಟವರ ಮೂಲಕ. ಕೆಲಸ ಹೋದರೆ ವಿಮೆಗೂ ಕುತ್ತು.

ಇದು ನಮಗೆ ಗೊತ್ತಿಲ್ಲದ ಕಥೆ ಅಲ್ಲ. ನಮ್ಮವರು ಗಲ್ಫ್‌ನಲ್ಲಿ ನೋಡಿದ್ದೂ ಇದನ್ನೇ. ಅಬುಧಾಬಿಯಲ್ಲಿ 2006ರಿಂದ, ದುಬೈಯಲ್ಲಿ 2014ರಿಂದ ವಿಮೆ ಕಡ್ಡಾಯ. 2025ರ ಜನವರಿಯಿಂದ ಯುಎಇಯ ಉಳಿದ ಎಮಿರೇಟುಗಳಲ್ಲೂ ಖಾಸಗಿ ನೌಕರರಿಗೆ, ಮನೆಕೆಲಸದವರಿಗೆ ಅದು ಬಂತು. ಕೆಲಸ ಇರುವವರೆಗೆ ಕಾರ್ಡ್ ತೋರಿಸಿದರೆ ಸಾಕು. ಆದರೆ ವೀಸಾ ಕ್ಯಾನ್ಸಲ್ ಆದ ಮೇಲೆ ಆ ಕಾರ್ಡೂ ಮುಗಿಯುತ್ತದೆ. ಮೂವತ್ತು ವರ್ಷ ದುಡಿದು, ಶುಗರ್ ಬಿಪಿ ಎರಡನ್ನೂ ಹೊತ್ತುಕೊಂಡು, 55ನೇ ವಯಸ್ಸಿನಲ್ಲಿ ಊರಿಗೆ ಬಂದವರಿಗೆ ಇಲ್ಲಿ ಏನಿದೆ? ವಿಮೆ ಅತ್ಯಂತ ಬೇಕಾದ ಹೊತ್ತಿಗೇ ಅದು ಕೈ ಬಿಟ್ಟಿರುತ್ತದೆ.

ನಮ್ಮ ದೇಶದ ಲೆಕ್ಕ ನೋಡುವ. ಸ್ವಾತಂತ್ರ್ಯಕ್ಕಿಂತ ಒಂದು ವರ್ಷ ಮೊದಲು, 1946ರಲ್ಲಿ, ಭೋರ್ ಸಮಿತಿ ವರದಿ ಕೊಟ್ಟಿತು. ಹಣ ಕೊಡಲು ಆಗುವುದಿಲ್ಲ ಎಂಬ ಕಾರಣಕ್ಕೆ ಯಾರಿಗೂ ಚಿಕಿತ್ಸೆ ತಪ್ಪಬಾರದು ಎಂಬುದು ಅದರ ತತ್ವ. 2017ರ ರಾಷ್ಟ್ರೀಯ ಆರೋಗ್ಯ ನೀತಿಯು 2025ರೊಳಗೆ ಸರಕಾರಗಳ ಆರೋಗ್ಯ ವೆಚ್ಚವನ್ನು ಜಿಡಿಪಿಯ ಶೇ. 2.5ಕ್ಕೆ ಏರಿಸುವ ಗುರಿ ಇಟ್ಟಿತ್ತು. 2021-22ರಲ್ಲಿ, ಅದೂ ಕೊರೋನಾದ ಕಾಲದಲ್ಲಿ, ಅದು ಶೇ. 1.84 ಇತ್ತು. ಜನ ತಮ್ಮ ಕಿಸೆಯಿಂದ ಕೊಡುವ ಪಾಲು 2013-14ರಲ್ಲಿ ಒಟ್ಟು ಆರೋಗ್ಯ ವೆಚ್ಚದ ಶೇ. 64.2 ಇದ್ದದ್ದು 2021-22ರಲ್ಲಿ ಶೇ. 39.4ಕ್ಕೆ ಇಳಿದಿದೆ ಎಂದು ಸರಕಾರದ ಲೆಕ್ಕ ಹೇಳುತ್ತದೆ. ಇಳಿದದ್ದು ಒಳ್ಳೆಯದೇ. ಆದರೂ ನೂರರಲ್ಲಿ ನಲವತ್ತು ರೂಪಾಯಿ ಕಿಸೆಯಿಂದಲೇ. ನಮ್ಮ ಚಂದಾ ಪುಸ್ತಕ ತುಂಬುವುದು ಈ ನಲವತ್ತರಿಂದ.

ಕರ್ನಾಟಕಕ್ಕೆ ಈ ವಿಷಯದಲ್ಲಿ ಒಳ್ಳೆಯ ಅನುಭವ ಇದೆ. 2003ರಲ್ಲಿ ಯಶಸ್ವಿನಿ ಬಂತು. ಇದರ ಹಿಂದೆ ಸಹಕಾರ ಇಲಾಖೆಯ ಜೊತೆ ನಿಂತವರು ನಮ್ಮ ಕಿನ್ನಿಗೋಳಿ ಮೂಲದ ಡಾ. ದೇವಿ ಶೆಟ್ಟಿ. ಸಹಕಾರ ಸಂಘದ ಸದಸ್ಯ ರೈತ ತಿಂಗಳಿಗೆ 5 ರೂಪಾಯಿ, ವರ್ಷಕ್ಕೆ 60 ರೂಪಾಯಿ ಕೊಟ್ಟರೆ ದೊಡ್ಡ ಆಪರೇಷನ್ ಆಗುತ್ತಿತ್ತು. 2018ರಲ್ಲಿ ಅದನ್ನು ನಿಲ್ಲಿಸಿ, 2022ರಲ್ಲಿ ಮತ್ತೆ ತಂದರು. 2010ರಲ್ಲಿ ಗುಲ್ಬರ್ಗ ವಿಭಾಗದಿಂದ ಬಿಪಿಎಲ್ ಕುಟುಂಬಗಳಿಗೆ ವಾಜಪೇಯಿ ಆರೋಗ್ಯಶ್ರೀ ಶುರುವಾಯಿತು. ಯೋಜನೆ ಬಂದ ಉತ್ತರದ ಹಳ್ಳಿಗಳನ್ನೂ, ಇನ್ನೂ ಬರದಿದ್ದ ಪಕ್ಕದ ದಕ್ಷಿಣದ ಹಳ್ಳಿಗಳನ್ನೂ ಹೋಲಿಸಿದ ಅಧ್ಯಯನ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಯೋಜನೆ ಇದ್ದ ಕಡೆ ಬಡವರಲ್ಲಿ ಹೃದಯ, ಕ್ಯಾನ್ಸರ್‌ನಂಥ ಕಾಯಿಲೆಗಳ ಸಾವು ಕಡಿಮೆ ಇತ್ತು. ಅಂದರೆ ಇದು ಬರೀ ಭಾಷಣ ಅಲ್ಲ, ಜೀವ ಉಳಿದಿದೆ.

ಈಗ ಇರುವುದು ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ. 2018ರಲ್ಲಿ ರಾಜ್ಯದ ಯೋಜನೆಯನ್ನೂ ಕೇಂದ್ರದ ಯೋಜನೆಯನ್ನೂ ಒಟ್ಟು ಸೇರಿಸಿದರು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಪೂರ್ತಿ ಉಚಿತ. ಎಪಿಎಲ್‌ನವರಿಗೆ ನಿಗದಿ ಮಾಡಿದ ದರದ ಶೇ. 30, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ನಮ್ಮ ರಾಜ್ಯದಲ್ಲಿ ಇದನ್ನು ನಡೆಸುವುದು ಖಾಸಗಿ ವಿಮಾ ಕಂಪೆನಿ ಅಲ್ಲ, ಸರಕಾರದ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್. ಪ್ರೀಮಿಯಂ ಇಲ್ಲ, ವಯಸ್ಸಿನ ಮಿತಿ ಇಲ್ಲ, ಹಳೆಯ ಕಾಯಿಲೆ ಇದೆಯಾ ಎಂಬ ಪ್ರಶ್ನೆಯೂ ಇಲ್ಲ. ಆದರೆ ಒಂದು ನಿಯಮ: ಮೊದಲು ಸರಕಾರಿ ಆಸ್ಪತ್ರೆ. ಅಲ್ಲಿ ಆಗದ ಚಿಕಿತ್ಸೆಗೆ ರೆಫರಲ್ ಕೊಡ್ತಾರೆ, ಆಮೇಲೆ ನೋಂದಾಯಿತ ಖಾಸಗಿ ಆಸ್ಪತ್ರೆಗೆ ಹೋಗಬಹುದು. ಪ್ರಾಣಾಪಾಯದ ತುರ್ತು ಇದ್ದರೆ ಮಾತ್ರ ನೇರ ಹೋಗಬಹುದು. ಬೇಕರಿಯ ಹುಡುಗನ ವಿಷಯದಲ್ಲಿ ನಾನು ತಪ್ಪಿಸಿದ್ದು ಈ ಒಂದು ಮೆಟ್ಟಿಲು.

ಹಾಗಾದರೆ ಸರಕಾರದ ವ್ಯವಸ್ಥೆ ಸಾಕಾ? ಸಾಲದು. 1957ರಲ್ಲಿ ಶುರುವಾದ ಹುಬ್ಬಳ್ಳಿಯ ಮೆಡಿಕಲ್ ಕಾಲೇಜು ಆಸ್ಪತ್ರೆಗೆ ಈಗ ಕೆಎಂಸಿಆರ್‌ಐ ಎಂದು ಹೊಸ ಹೆಸರು ಬಂದಿದೆ, ಜನರ ಬಾಯಲ್ಲಿ ಇನ್ನೂ ಕಿಮ್ಸ್. ಧಾರವಾಡ, ಗದಗ, ಹಾವೇರಿ, ಕೊಪ್ಪಳ, ಬಾಗಲಕೋಟೆ, ಉತ್ತರ ಕನ್ನಡ, ಎಲ್ಲ ಕಡೆಯ ಬಡವರೂ ಬರುವುದು ಅಲ್ಲಿಗೆ. ಬೆಳಿಗ್ಗೆ ಒಪಿಡಿ ಚೀಟಿಯ ಸಾಲು ನೋಡಿದವರಿಗೆ ಬೇರೆ ಹೇಳಬೇಕಾಗಿಲ್ಲ. ಇನ್ನೊಂದು ಕೊರತೆ, ಆಯುಷ್ಮಾನ್ ಕಾರ್ಡ್ ಒಳರೋಗಿಗೆ ಮಾತ್ರ. ದಿನಾ ನುಂಗುವ ಶುಗರ್ ಮಾತ್ರೆ, ತಿಂಗಳ ರಕ್ತಪರೀಕ್ಷೆ ಅದರಲ್ಲಿ ಬರುವುದಿಲ್ಲ. ಅದಕ್ಕೆ ಇರುವುದು ಪ್ರಾಥಮಿಕ ಆರೋಗ್ಯ ಕೇಂದ್ರ ಮತ್ತು ನಮ್ಮ ಕ್ಲಿನಿಕ್. 2022ರ ಡಿಸೆಂಬರ್‌ನಲ್ಲಿ ನಮ್ಮ ಕ್ಲಿನಿಕ್‌ಗಳಿಗೆ ಚಾಲನೆ ಸಿಕ್ಕಿದ್ದು ಇಲ್ಲಿಯ ಬೈರಿದೇವರಕೊಪ್ಪದಲ್ಲಿಯೇ. ನಮ್ಮಲ್ಲಿ ಎಷ್ಟು ಮನೆಯವರು ಅಲ್ಲಿಗೆ ಹೋಗಿದ್ದೇವೆ?

ಕಾರ್ಡ್ ಕೊಟ್ಟು ಆಸ್ಪತ್ರೆ ಕಟ್ಟದಿದ್ದರೆ ಏನಾಗುತ್ತದೆ ಎಂಬುದೇ ಈ ಚರ್ಚೆಯ ನಿಜವಾದ ಪ್ರಶ್ನೆ. ಸರಕಾರಿ ಆಸ್ಪತ್ರೆಯಲ್ಲಿ ತಜ್ಞರಿಲ್ಲ, ಯಂತ್ರ ಇಲ್ಲ ಎಂದಾದರೆ ರೋಗಿಯನ್ನು ಖಾಸಗಿಗೆ ಕಳಿಸಬೇಕು, ಸರಕಾರದ ಹಣವೂ ಅವನ ಹಿಂದೆ ಅಲ್ಲಿಗೇ ಹೋಗುತ್ತದೆ. ಮುಂದಿನ ವರ್ಷ ಸರಕಾರಿ ಆಸ್ಪತ್ರೆ ಇನ್ನೂ ಬಡವಾಗುತ್ತದೆ. ಅದೇ ಚಿಕಿತ್ಸೆ ಕಾರ್ಡ್ ಮೂಲಕ ಕಿಮ್ಸ್‌ನಲ್ಲೇ ಆದರೆ ಟ್ರಸ್ಟ್ ಕೊಡುವ ಹಣ ಕಿಮ್ಸ್‌ಗೆ ಬರುತ್ತದೆ. ನಾವು ಅಲ್ಲಿಗೆ ಹೋಗುವುದು ಆಸ್ಪತ್ರೆಗೂ ಬಲ ಕೊಟ್ಟ ಹಾಗೆ.

ಖಾಸಗಿ ವಿಮೆ ಪೂರ್ತಿ ಮೋಸ ಎಂದು ನಾನು ಹೇಳುವುದಿಲ್ಲ. ಎಪಿಎಲ್ ಕಾರ್ಡಿನ ಮಧ್ಯಮ ವರ್ಗದವನಿಗೆ ಶೇ. 30 ಸಾಲುವುದಿಲ್ಲ, ಅವನಿಗೆ ಅದು ಆಧಾರ. ಆದರೆ ಸಹಿ ಹಾಕುವ ಮೊದಲು ಓದಿ. ಇರುವ ಕಾಯಿಲೆಗೆ 36 ತಿಂಗಳವರೆಗೆ ಕಾಯಿಸಬಹುದು (2024ಕ್ಕಿಂತ ಮೊದಲು 48 ತಿಂಗಳು ಇತ್ತು). ಕೆಲವು ಪಾಲಿಸಿಗಳಲ್ಲಿ ರೂಮ್ ಬಾಡಿಗೆಗೆ ಮಿತಿ ಇರುತ್ತದೆ. ದಿನಕ್ಕೆ 3,000 ಮಿತಿ ಇದ್ದು ನೀವು 6,000ದ ರೂಮ್ ಹಿಡಿದರೆ, ಡಾಕ್ಟರ ಫೀಸು, ಆಪರೇಷನ್ ಥಿಯೇಟರ್ ಖರ್ಚಿನಲ್ಲೂ ಅರ್ಧ ಕಡಿಯಬಹುದು. ವಯಸ್ಸು ಏರಿದ ಹಾಗೆ ಪ್ರೀಮಿಯಂ ಏರುತ್ತದೆ. 60 ದಾಟಿದವರಿಗೆ ಕೇಳದೆ ವರ್ಷಕ್ಕೆ ಶೇ. 10ಕ್ಕಿಂತ ಹೆಚ್ಚು ಏರಿಸಬಾರದೆಂದು ವಿಮಾ ನಿಯಂತ್ರಣ ಪ್ರಾಧಿಕಾರ 2025ರ ಜನವರಿಯಲ್ಲಿ ಹೇಳಬೇಕಾಯಿತು ಎಂದರೆ ಏರಿಕೆ ಹೇಗಿತ್ತು ಎಂದು ಊಹಿಸಿ.

ಮತ್ತೊಂದು ಮಾತು ಖಡಾಖಂಡಿತವಾಗಿ ಹೇಳಬೇಕು. ಗಲ್ಫ್‌ನಿಂದ ಬಂದ ನನ್ನ ಪರಿಚಯದ ಒಬ್ಬರು ಪಾಲಿಸಿ ಮಾಡಿಸುವಾಗ ಶುಗರ್ ಇದೆ ಎಂದು ಹೇಳಿದರು. ಏಜೆಂಟ್, "ಅದೆಲ್ಲ ಬರೆದ್ರೆ ಪ್ರೀಮಿಯಂ ಜಾಸ್ತಿ ಆಗ್ತದೆ, ಇಲ್ಲ ಅಂತ ಹಾಕುವ" ಎಂದ. ಇವರು ಸಹಿ ಹಾಕಿದರು. ಎರಡನೇ ವರ್ಷ ಕಾಲಿನ ಗಾಯಕ್ಕೆ ಆಸ್ಪತ್ರೆ ಸೇರಿದಾಗ ಹಳೆಯ ಚೀಟಿ ನೋಡಿ ಕ್ಲೇಮ್ ತಿರಸ್ಕಾರವಾಯಿತು. ಏಜೆಂಟ್ ಫೋನ್ ಎತ್ತಲಿಲ್ಲ. ಮೋಸ ಮಾಡಿದ್ದು ಯಾರು? ಏಜೆಂಟ್ ಹೌದು. ಆದರೆ ಸುಳ್ಳಿನ ಕೆಳಗೆ ಇದ್ದ ಸಹಿ ನಮ್ಮದು. ನಿಜ ಬರೆಯಿರಿ. ನಿಜ ಬರೆದ ಮೇಲೂ ಅನ್ಯಾಯವಾದರೆ ಬೆಂಗಳೂರಿನಲ್ಲಿ ವಿಮಾ ಒಂಬುಡ್ಸ್‌ಮನ್ ಇದ್ದಾರೆ, ದೂರಿಗೆ ಶುಲ್ಕ ಇಲ್ಲ.

ವಿಮೆ ಜಾಯಿಝಾ ಎಂದು ಕೇಳುವವರಿದ್ದಾರೆ. 1985ರಲ್ಲಿ ಜಿದ್ದಾದ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿ, ನಿಗದಿತ ಪ್ರೀಮಿಯಂನ ವಾಣಿಜ್ಯ ವಿಮೆಯಲ್ಲಿ ಗರರ್, ಅಂದರೆ ಅನಿಶ್ಚಿತತೆ, ಇದೆ ಎಂದು ಅದನ್ನು ಒಪ್ಪಲಿಲ್ಲ. ಪರಸ್ಪರ ಸಹಾಯದ ಸಹಕಾರಿ ವಿಮೆಯನ್ನು ಒಪ್ಪಿತು. ಅನಿವಾರ್ಯ ಇದ್ದಲ್ಲಿ ಏನು ಮಾಡಬೇಕೆಂಬುದರಲ್ಲಿ ಉಲಮಾಗಳಲ್ಲಿ ಬೇರೆ ಬೇರೆ ಅಭಿಪ್ರಾಯ ಇದೆ. ನಿಮ್ಮ ಖಾಝಿಯವರಲ್ಲಿ ಕೇಳಿ, ನಾನು ಫತ್ವಾ ಕೊಡುವವನಲ್ಲ. ಆದರೆ ಸರಕಾರಿ ಕಾರ್ಡಿನಲ್ಲಿ ಪ್ರೀಮಿಯಂ ಇಲ್ಲ, ಆದ್ದರಿಂದ ಆ ಪ್ರಶ್ನೆಯೂ ಇಲ್ಲ. ಅಶ್ಅರೀ ಗೋತ್ರದವರು ಆಹಾರ ಕಡಿಮೆಯಾದಾಗ ಇದ್ದದ್ದನ್ನೆಲ್ಲ ಒಂದೇ ಬಟ್ಟೆಯಲ್ಲಿ ಸುರಿದು ಸಮನಾಗಿ ಹಂಚಿಕೊಳ್ಳುತ್ತಿದ್ದರು, ಅವರನ್ನು ಪ್ರವಾದಿಯವರು (ಸ) ತಮ್ಮವರೆಂದು ಹೊಗಳಿದ ಹದೀಸ್ ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ. 1284ರಲ್ಲಿ ಕೈರೋದಲ್ಲಿ ಸುಲ್ತಾನ್ ಖಲಾವೂನ್ ಕಟ್ಟಿಸಿದ ಆಸ್ಪತ್ರೆ ವಕ್ಫ್ ಆದಾಯದಿಂದ ನಡೆಯಿತು, ಬಡವ ಶ್ರೀಮಂತ ಎನ್ನದೆ. ಎಲ್ಲರೂ ಸೇರಿ ಹೊರುವುದು ನಮಗೆ ಹೊಸ ವಿಚಾರ ಅಲ್ಲ.

ನನ್ನ ಅಭಿಪ್ರಾಯ ಇಷ್ಟು. ಬುನಾದಿ ಸರಕಾರದ್ದೇ ಇರಬೇಕು. ವಿಮೆಯ ತೆರಿಗೆ ಬಿಟ್ಟದ್ದು ಪ್ರೀಮಿಯಂ ಕಟ್ಟುವವನಿಗೆ ಲಾಭ, ಕಟ್ಟಲಾಗದವನಿಗೆ ಬೇಕಾದದ್ದು ಡಾಕ್ಟರು, ನರ್ಸು, ಔಷಧಿ ಇರುವ ಸರಕಾರಿ ಆಸ್ಪತ್ರೆ. ಓಟು ಕೇಳಲು ಬಂದವರಲ್ಲಿ ಕಬರಸ್ಥಾನದ ಕಂಪೌಂಡ್ ಕೇಳುವ ನಾವು ಶೇ. 2.5ರ ಮಾತು ಎಲ್ಲಿಗೆ ಬಂತು ಎಂದೂ ಕೇಳಬೇಕು. ಶಕ್ತಿ ಇದ್ದವರು ಅದರ ಮೇಲೆ ವಿಮೆ ಮಾಡಿಸಿಕೊಳ್ಳಲಿ, ಕಾಯಿಲೆ ಬರುವ ಮೊದಲೇ.

ಜಮಾಅತ್‌ಗಳಿಗೂ ಕೆಲಸ ಇದೆ. ಪ್ರತಿ ಪಳ್ಳಿಯಲ್ಲಿ ಓದಿದ ಇಬ್ಬರು ಹುಡುಗರು ವಾರಕ್ಕೊಮ್ಮೆ ಕೂತು ಯಾರ ಮನೆಯಲ್ಲಿ ಯಾವ ರೇಷನ್ ಕಾರ್ಡ್ ಇದೆ, ಆಯುಷ್ಮಾನ್ ಕಾರ್ಡ್ ಆಗಿದೆಯಾ ಎಂದು ನೋಡಲಿ. ಆಸ್ಪತ್ರೆಯಲ್ಲಿ ಆರೋಗ್ಯ ಮಿತ್ರ ಎಂಬವರು ಇರುತ್ತಾರೆ, ರೋಗಿಯ ಜೊತೆ ಒಬ್ಬರು ಹೋಗಿ ಅವರನ್ನು ಕಾಣಲಿ. ಚಂದಾದ ಹಣ ಕಾರ್ಡ್ ಮುಟ್ಟದ ಕಡೆಗೆ, ದಿನದ ಮಾತ್ರೆಗೆ, ಊರಿಂದ ಬಂದ ಉಮ್ಮನ ಬಸ್ ಚಾರ್ಜಿಗೆ, ಕೆಲಸ ತಪ್ಪಿದ ದಿನಗಳ ಮನೆಖರ್ಚಿಗೆ ಉಳಿಯಲಿ.

ಬೇಕರಿಯ ಹುಡುಗ ಈಗ ಹುಷಾರಾಗಿದ್ದಾನೆ, ಅಲ್‌ಹಮ್ದುಲಿಲ್ಲಾಹ್. ಚಿನ್ನ ಇನ್ನೂ ಬ್ಯಾಂಕಿನಲ್ಲೇ ಇದೆ. ಈಗ ನನ್ನ ಹತ್ತಿರ ಚೀಟಿ ಹಿಡಿದು ಯಾರೇ ಬರಲಿ, ನಾನು ಮೊದಲು ಕೇಳುವುದು ಬಿಲ್ಲು ಎಷ್ಟಾಯಿತು ಎಂದಲ್ಲ. ರೇಷನ್ ಕಾರ್ಡ್ ಎಲ್ಲಿದೆ, ಕಿಮ್ಸ್‌ನಲ್ಲಿ ತೋರಿಸಿದ್ದೀರಾ ಎಂದು. ಕೆಲವರಿಗೆ ಬೇಸರ ಆಗುತ್ತದೆ. ಆಗಲಿ.