ಡಿಸ್ಕ್ ಸತ್ತಿಲ್ಲ ಸ್ವಾಮಿ!

ಲ್ಯಾಪ್‌ಟಾಪಿಗೆ ವಿಂಡೋಸ್ ಮತ್ತೆ ಹಾಕಲು ಹೊರಟರೆ ಡಿಸ್ಕುಗಳ ಪಟ್ಟಿಯೇ ಖಾಲಿ. ಅಂಗಡಿಗೆ ಒಯ್ದರೆ, ಹಿಂದಿಯಲ್ಲೋ ಮರಾಠಿಯಲ್ಲೋ ಒಂದೇ ತೀರ್ಪು: ‘ಡಿಸ್ಕ್ ಹೋಗಿದೆ, ಹೊಸದು ಹಾಕಿಸಿ.’ ಮಕ್ಕಳ ಓದಿಗೆಂದು ಕಂತಿನಲ್ಲಿ ಯಂತ್ರ ಕೊಂಡ ನಮ್ಮಂಥ ಸಂಸಾರಸ್ಥರು ಈ ಮಾತನ್ನು ನಂಬಿ ಇನ್ನೆಷ್ಟು ದಿನ ದುಡ್ಡು ತೆರಬೇಕು?

2020ರಲ್ಲಿ ಬಂದ ಇಂಟೆಲ್ 11ನೇ ಪೀಳಿಗೆಯಿಂದೀಚಿನ ಅನೇಕ ಲ್ಯಾಪ್‌ಟಾಪುಗಳಲ್ಲಿ ಡಿಸ್ಕು ‘ವಿಎಂಡಿ’ ಎಂಬ ವ್ಯವಸ್ಥೆಯ ಹಿಂದೆ ಕುಳಿತಿರುತ್ತದೆ. ಅದರ ಡ್ರೈವರ್ ವಿಂಡೋಸ್ 10ರ ಪೆನ್‌ಡ್ರೈವಿನಲ್ಲಿ ಇರುವುದಿಲ್ಲ. ಬೀಗದ ಕೈ ಸಿಗದವನು ಮನೆಯೇ ಇಲ್ಲವೆಂದಂತಾಯಿತು!

ಬಯಾಸ್‌ನಲ್ಲಿ ಡಿಸ್ಕಿನ ಹೆಸರು ಕಂಡಿತೇ? ಹಾಗಾದರೆ ಅಂಗಡಿಯ ತೀರ್ಪನ್ನು ಒಪ್ಪಬೇಡಿ. ಲ್ಯಾಪ್‌ಟಾಪ್ ತಯಾರಕರ ಜಾಲತಾಣದಲ್ಲಿ ನಿಮ್ಮ ಮಾದರಿಗೆ ಕೊಟ್ಟಿರುವ ‘ಇಂಟೆಲ್ ರ‍್ಯಾಪಿಡ್ ಸ್ಟೋರೇಜ್’ ಡ್ರೈವರನ್ನು ಇಳಿಸಿಕೊಳ್ಳಿ, ಕಾಸು ಖರ್ಚಿಲ್ಲ. ಅದನ್ನು ಬಿಡಿಸಿ, ‘ಐಎನ್‌ಎಫ್’ ಕಡತವಿರುವ ಫೋಲ್ಡರನ್ನು ಪೆನ್‌ಡ್ರೈವಿಗೆ ಹಾಕಿ, ‘ಲೋಡ್ ಡ್ರೈವರ್’ ಒತ್ತಿ ತೋರಿಸಿ. (ಬಿಡಿಸದ ‘ಇಎಕ್ಸ್‌ಇ’ ಕಡತವನ್ನೇ ಇಟ್ಟರೆ ಪ್ರಯೋಜನವಿಲ್ಲ.) ಬಯಾಸ್‌ನಲ್ಲಿ ವಿಎಂಡಿಯನ್ನೇ ಆರಿಸುವವರೂ ಉಂಟು; ಹಾಗೆ ಮಾಡಿದರೆ ಒಳಗಿನ ಹಳೆಯ ವಿಂಡೋಸ್ ಏಳದೆ ಹೋದೀತು, ಜೋಕೆ.

ಡಬ್ಬಿಯೊಳಗೆ ಜಾಹೀರಾತಿನ ಚೀಟಿ ತುರುಕುವ ಕಂಪನಿಗಳಿಗೆ ಇಷ್ಟನ್ನು ಅಚ್ಚುಹಾಕಿಸಲು ಕಾಗದವಿಲ್ಲವೇ? ಅಂಗಡಿಯವರು ಮೊದಲು ಡ್ರೈವರ್ ಹಾಕಿ ನೋಡಲಿ, ಬಿಲ್ಲು ಆಮೇಲೆ ಬರೆಯಲಿ.