ಅಕಾರಾದಿಯ ಹೊಣೆ

ಹಳಗನ್ನಡದ ತರಗತಿಗಾಗಿ ವಿದ್ಯಾರ್ಥಿಗಳ ನೆರವಿನಿಂದ ನಾನೊಂದು ಪುಟ್ಟ ಪದಕೋಶವನ್ನು ಸಿದ್ಧಪಡಿಸಿದೆ. ಪದಗಳನ್ನು ಗಣಕದ ದತ್ತಕೋಷ್ಠಕದಲ್ಲಿ ತುಂಬಿ, ಅಕಾರಾದಿಯಾಗಿ ಜೋಡಿಸೆಂದು ಆಜ್ಞೆಯಿತ್ತುದಾಯಿತು. ಬಂದ ಪಟ್ಟಿಯಲ್ಲಿ ‘ಬಳಲು’ ಎಂಬುದು ‘ಬವಣೆ’ಗಿಂತ ಮೊದಲೇ ಕುಳಿತಿತ್ತು, ಅದರ ಹಳೆಯ ರೂಪವಾದ ‘ಬೞಲ್’ ಎಂಬುದು ‘ಬ್ರಹ್ಮ’ನನ್ನೂ ದಾಟಿ ಬಕಾರದ ಕಟ್ಟಕಡೆಗೆ ಬಿದ್ದಿತ್ತು. ಇವೆರಡರ ನಂಟನ್ನು ಒಂದೇ ಪುಟದಲ್ಲಿ ತೋರಿಸಬೇಕೆಂದಿದ್ದ ನನ್ನ ಉದ್ದೇಶವೇ ಕೆಟ್ಟಿತು. ಹುಡುಕಿದ ವಿದ್ಯಾರ್ಥಿನಿಯೊಬ್ಬಳು, “ಆ ಪದ ಕೋಶದಲ್ಲಿಲ್ಲ” ಎಂದಳು. ಇರಬೇಕಾದ ಎಡೆಯಲ್ಲಿ ಸಿಗದ ಪದ ಇಲ್ಲದಂತೆಯೇ ಅಲ್ಲವೆ?

ಇದಕ್ಕೆ ಕಾರಣವುಂಟು. ಯಂತ್ರವು ಅಕ್ಷರವನ್ನರಿಯದು, ಸಂಖ್ಯೆಯನ್ನು ಮಾತ್ರ ಅರಿಯುವುದು. 1991ರಲ್ಲಿ ಹೊರಬಂದ ಯೂನಿಕೋಡ್, ಭಾರತೀಯ ಲಿಪಿಗಳಿಗೆಲ್ಲ ಒಂದೇ ಎರಕವನ್ನು ಹೊಯ್ದ 1988ರ ಇಸ್ಕಿಯನ್ನು ಅನುಸರಿಸಿತು. ಅಲ್ಲಿ ಳಕಾರವು ಹಕಾರದ ಮುಂದಿರದೆ ಲಕಾರದ ಪಕ್ಕದಲ್ಲಿದೆ. ೞಕಾರಕ್ಕಂತೂ ಸ್ವರಚಿಹ್ನೆಗಳಿಂದಲೂ ಆಚೆಗಿನ ಸಂಖ್ಯೆ. ಸಾಲದುದಕ್ಕೆ ಅದಕ್ಕೆ ತಪ್ಪಾಗಿ ‘ಫಾ’ ಎಂದು ನಾಮಕರಣವಾಯಿತು. ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮವಿರುವುದರಿಂದ ಆ ತಪ್ಪು ಟಿಪ್ಪಣಿಯೊಂದರೊಡನೆ ಹಾಗೆಯೇ ಉಳಿದಿದೆ. ಹದಿಮೂರನೆಯ ಶತಮಾನದಲ್ಲಿ ಕೇಶಿರಾಜನು ದೇಶೀಯವೆಂದು ಎಣಿಸಿದ ಅಕ್ಷರಗಳಲ್ಲಿ ಈ ಎರಡೂ ಸೇರಿವೆ.

ಆದರೆ ಸಂಖ್ಯೆಯನ್ನು ದೂರಿ ಫಲವಿಲ್ಲ. ಅದು ಗುರುತಿಗಾಗಿ ಇದೆಯೇ ಹೊರತು ಕ್ರಮಕ್ಕಾಗಿ ಅಲ್ಲ. ಕ್ರಮವನ್ನು ಬೇರೆಯಾಗಿ ಹೇಳಬೇಕೆಂದೇ 1992ರ ಎಸ್‌ಕ್ಯೂಎಲ್ ಪ್ರಮಾಣವು ‘ಕೊಲೇಟ್’ ಎಂಬ ಪದವನ್ನು ಒದಗಿಸಿತು. ಪೋಸ್ಟ್‌ಗ್ರೆಸ್ ಎಂಬ ದತ್ತಕೋಶದಲ್ಲಿ 2017ರ ಹತ್ತನೆಯ ಆವೃತ್ತಿಯಿಂದ ಐಸಿಯು ಭಂಡಾರದ ಕನ್ನಡ ನಿಯಮವನ್ನು ಹೆಸರಿಸಿ ಕೇಳಬಹುದು. ಆಗ ಳ, ೞಗಳು ಹಕಾರದ ಆಚೆಗೆ ಬಂದು ನಿಲ್ಲುತ್ತವೆ. 2023ರ ಹದಿನಾರನೆಯದರಲ್ಲಿ ನಮ್ಮದೇ ನಿಯಮಗಳನ್ನೂ ಸೇರಿಸಬಹುದು. ನಮ್ಮ ಕೋಷ್ಠಕದಲ್ಲಿ ಯಾರೂ ಏನನ್ನೂ ಹೆಸರಿಸಿರಲಿಲ್ಲ. ಸ್ಥಾಪಿಸಿದವರು ಬಿಟ್ಟುಹೋದ ಸಂಖ್ಯಾಕ್ರಮವೇ ಮೌನವಾಗಿ ನಡೆಯಿತು. ಈ ಮೌನವೇ ನನ್ನ ಆಕ್ಷೇಪ.

ಸಂಖ್ಯಾಕ್ರಮ ಶೀಘ್ರವಾದುದು, ಸ್ಥಿರವಾದುದು. ಭಾಷಾನಿಯಮ ಪರಿಷ್ಕಾರಗೊಂಡರೆ ಸೂಚಿಯನ್ನೆಲ್ಲ ಮತ್ತೆ ಕಟ್ಟಬೇಕಾಗುತ್ತದೆ ಎಂದು ತಜ್ಞರು ಹೇಳುವರು. ಮಾತು ನಿಜ. ಯಂತ್ರದ ಒಳವ್ಯವಹಾರಕ್ಕೆ ಸಂಖ್ಯಾಕ್ರಮವೇ ಇರಲಿ. ಮನುಷ್ಯನ ಕಣ್ಣಿಗೆ ಬೀಳುವ ಪಟ್ಟಿಗೆ ಮಾತ್ರ ಯಾವ ಭಾಷೆಯ ಕ್ರಮವೆಂಬುದನ್ನು ಬಾಯಿಬಿಟ್ಟು ಹೇಳುವುದು ಕಡ್ಡಾಯವಾಗಲಿ.

ಇನ್ನು ನಮ್ಮ ಪಾಲಿನ ಹೊಣೆ. ‘ಅಂಕ’, ‘ಅಙ್ಕ’ಗಳಿಗೆ ಒಂದೇ ಸ್ಥಾನವೆ, ಎರಡೆ? ಱಕಾರ ರಕಾರದ ನೆರೆಯಲ್ಲಿರಬೇಕೆ, ಳಕಾರದ ನೆರೆಯಲ್ಲಿಯೆ? ಇವು ಯಂತ್ರಜ್ಞರು ಬಿಡಿಸುವ ಒಗಟುಗಳಲ್ಲ. ಕನ್ನಡ ಪಂಡಿತರು ನಿರ್ಣಯಿಸಿ ಬರೆದಿಡಬೇಕಾದ ವಿಷಯಗಳು. ನಾವು ಹೇಳದಿದ್ದರೆ ಯಂತ್ರವು ತನಗೆ ತೋಚಿದಂತೆ ಜೋಡಿಸುವುದು.

ನಮ್ಮ ಕೋಶಕ್ಕೆ ಒಂದು ಸಾಲನ್ನು ಸೇರಿಸಿದೆವು. ಈಗ ‘ಬಳಲು’, ‘ಬೞಲ್’ ಒಂದೇ ಪುಟದಲ್ಲಿವೆ.