ಲೋಕದ ನಡುವೆ ಭಕ್ತಿ: ಒಂದು ಬಾವಿಯ ಲೆಕ್ಕ



ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹುಬ್ಬಳ್ಳಿಯಿಂದ ಫೋನು ಮಾಡಿದ್ದ. ಅವನೂ ನಮ್ಮಂತೆ ಕ್ರೈಸ್ತ ಸಭೆಯಲ್ಲಿ ಬೆಳೆದವನು, ಈಗ ಸರಕಾರಿ ನೌಕರಿಯಲ್ಲಿದ್ದಾನೆ. ಕುಶಲದ ಮಾತು ಮುಗಿದ ಮೇಲೆ, "ಸರ್, ಆಫೀಸಿನ್ಯಾಗ ಲಂಚ, ಮನ್ಯಾಗ ಜಗಳ, ಊರಾಗ ರಾಜಕೀಯ. ಇದರ ನಡುವ ದೇವರಿಗೆ ಅಂಜಿ ಬಾಳೂದು ಹ್ಯಾಂಗ್ರಿ? ಎಲ್ಲಾ ಬಿಟ್ಟು ದೂರ ಹೋಗಬೇಕು ಅನಸತೈತಿ" ಎಂದ. "ಪ್ರಾರ್ಥನೆ ಮಾಡಪ್ಪಾ, ದೇವರು ದಾರಿ ತೋರಿಸುತ್ತಾನೆ" ಎಂದು ಹೇಳಿ ಮಾತು ಮುಗಿಸಿದೆ. ಹಿರಿಯರಾದವರು ಸಾಮಾನ್ಯವಾಗಿ ಕೊಡುವ ಉತ್ತರ ಅದು. ಆದರೆ ಆ ರಾತ್ರಿ ನಿದ್ರೆ ಬರಲಿಲ್ಲ. ನನಗೆ ಗೊತ್ತಿದ್ದ ನಿಜವಾದ ಉತ್ತರವನ್ನು ನಾನು ಅವನಿಗೆ ಹೇಳಿರಲಿಲ್ಲ. ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಮನೆತನದ ಮೂಲ ಗುಳೇದಗುಡ್ಡ. ಬಾಸೆಲ್ ಮಿಶನ್ನಿನವರು 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ಬೆಟಗೇರಿಗೆ ಬಂದು, 1851ರಲ್ಲಿ ಗುಳೇದಗುಡ್ಡದಲ್ಲಿ ಠಾಣ್ಯ ತೆರೆದರು. ಆ ಸಭೆಯಲ್ಲಿ ಓದು ಕಲಿತ ನಮ್ಮ ಅಜ್ಜನವರು ಶಿಕ್ಷಕರಾಗಿ ಈ ಕಡೆ ಬಂದು ಬಾಡಗಂಡಿಯಲ್ಲಿ ನೆಲೆ ನಿಂತರು. ಅಜ್ಜನವರ ಕಾಲದಲ್ಲಿ ಸಭೆಯ ಶಿಸ್ತು ಬಹಳ ಕಟ್ಟುನಿಟ್ಟಾಗಿತ್ತು. ಕುಡಿದವನಿಗೆ ಕರ್ತನ ಭೋಜನದಲ್ಲಿ ಪಾಲಿಲ್ಲ, ಜೂಜಾಡಿದವನಿಗೆ ಸಭೆಯಲ್ಲಿ ಮಾತಿಲ್ಲ. ಜಾತ್ರೆ, ಬಯಲಾಟ, ಚುನಾವಣೆ ಇವೆಲ್ಲ 'ಲೋಕ'. ಲೋಕದಿಂದ ಬೇರೆಯಾಗಿರುವುದೇ ಭಕ್ತಿ. ನಾನು ಬೆಳೆದದ್ದು ಈ ಪಾಠವನ್ನು ಕೇಳುತ್ತ.

ಈ ಪಾಠವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಸೆರೆಯಂಗಡಿಯಿಂದ ಹಾಳಾದ ಎಷ್ಟೋ ಮನೆಗಳನ್ನು ಕಂಡಿದ್ದೇನೆ. ಆ ಬೇಲಿ ಇಲ್ಲದಿದ್ದರೆ ನಮ್ಮ ಅಜ್ಜನವರು ಮೇಷ್ಟರಾಗುತ್ತಿರಲಿಲ್ಲ, ನಾನೂ ಆಗುತ್ತಿರಲಿಲ್ಲ. ಆದರೆ ಈ ಪಾಠದಲ್ಲಿ ಒಂದು ಅಪಾಯವೂ ಉಂಟು. ಬೇಲಿಯ ಆಚೆ ಇರುವುದೇ ಪಾಪ ಎಂದು ನಂಬಿದವನು ಈಚೆಯಿರುವುದನ್ನು ನೋಡುವುದನ್ನೇ ಬಿಡುತ್ತಾನೆ.

ಇತಿಹಾಸವನ್ನೇ ನೋಡಿ. ಬೇಲಿ ಎಷ್ಟು ಎತ್ತರವಿದ್ದರೂ ಲೋಕದ ಸಂಘರ್ಷ ಅದನ್ನು ದಾಟಿ ಬಂದಿದೆ. 1844ರಲ್ಲಿ ಮಂಗಳೂರಿನಲ್ಲಿ ಆನಂದರಾವ್ ಕೌಂಡಿಣ್ಯ ಎಂಬ ಸಾರಸ್ವತ ತರುಣ ದೀಕ್ಷಾಸ್ನಾನ ಪಡೆದಾಗ ಊರೇ ಕದಡಿ ಹೋಯಿತು. ಅವರು 1846ರಲ್ಲಿ ಬಾಸೆಲ್‌ಗೆ ಹೋಗಿ ಓದಿ, 1851ರಲ್ಲಿ ಪಾದ್ರಿಯಾಗಿ ಮರಳಿದರು. ಕೊಡಗಿನ ಆನಂದಪುರದಲ್ಲಿ ಬಡವರ ನಡುವೆ ದುಡಿದರು. ಆದರೆ ಅವರ ಕೈಹಿಡಿದಿದ್ದ ಹೆಂಡತಿ ಅವರ ಹೊಸ ದಾರಿಗೆ ಬರಲಿಲ್ಲ, ತವರಿನವರೊಂದಿಗೇ ಉಳಿದರು. ಕೌಂಡಿಣ್ಯರ ಭಕ್ತಿಯನ್ನು ಹೊಗಳುವ ನಮ್ಮವರು ಆ ಹೆಣ್ಣುಮಗಳ ದುಃಖವನ್ನು ನೆನೆಯುವುದು ಕಡಿಮೆ. ಭಕ್ತನ ಹೆಜ್ಜೆಯಿಂದಲೂ ಇನ್ನೊಬ್ಬರಿಗೆ ನೋವಾಗುತ್ತದೆ, ಆ ನೋವಿನ ಹೊಣೆ ಭಕ್ತನನ್ನು ಬಿಡುವುದಿಲ್ಲ.

1876ರಿಂದ 78ರ ವರೆಗಿನ ಭೀಕರ ಬರಗಾಲ ಅಂದಿನ ಕಲಾದಗಿ ಜಿಲ್ಲೆಯನ್ನು, ಅಂದರೆ ಈಗಿನ ನಮ್ಮ ಬಾಗಲಕೋಟೆ-ವಿಜಯಪುರ ಸೀಮೆಯನ್ನು, ಕಾಡಿದಾಗ ಭಕ್ತ ಅಭಕ್ತ ಎಂಬ ಭೇದ ಮಾಡಲಿಲ್ಲ. 1914ರಲ್ಲಿ ಮಹಾಯುದ್ಧ ಆರಂಭವಾದ ಮೇಲೆ ಜರ್ಮನ್ ಪಾದ್ರಿಗಳನ್ನು ಬ್ರಿಟಿಷ್ ಸರಕಾರ ಶತ್ರುಗಳೆಂದು ಬಗೆದು ಬಂಧನದಲ್ಲಿರಿಸಿ, ಬಳಿಕ ದೇಶದಿಂದಾಚೆ ಕಳಿಸಿತು. ಮಿಶನ್ನಿನ ಹಂಚಿನ, ನೇಯ್ಗೆಯ ಕಾರಖಾನೆಗಳೂ ಕೈಬಿಟ್ಟು ಹೋದವು. ಹಿಡಿದವರೂ ಕ್ರೈಸ್ತರು, ಹಿಡಿಸಿಕೊಂಡವರೂ ಕ್ರೈಸ್ತರು. ಇಬ್ಬರೂ ಓದುತ್ತಿದ್ದದ್ದು ಒಂದೇ ಸತ್ಯವೇದ. ನಮ್ಮ ಅಜ್ಜನವರು ಆಗ ಹುಡುಗರು. "ಪಾದ್ರಿ ಸಾಹೇಬರು ಹೋದ ಮ್ಯಾಲೆ ನಾವೆಲ್ಲಾ ದಿಕ್ಕಿಲ್ಲದವರಾದಿವಿ ಅಂತ ಅತ್ತಿವಿ. ಆದರ ಮರುದಿನ ಸಾಲಿ ಗಂಟಿ ಹೊಡೀಲೇಬೇಕಾಗಿತ್ತು, ಹೊಡದಿವಿ" ಎಂದು ಮುಪ್ಪಿನಲ್ಲಿ ಹೇಳುತ್ತಿದ್ದರು. ಭಕ್ತಿಯೆಂದರೆ ಏನೆಂದು ನನಗೆ ಅನೇಕ ಪ್ರಸಂಗಗಳಿಗಿಂತ ಈ ಮಾತೇ ಚೆನ್ನಾಗಿ ತಿಳಿಸಿತು. ರೆವರೆಂಡ್ ಕಿಟ್ಟೆಲರು 1853ರಲ್ಲಿ ಇಲ್ಲಿಗೆ ಬಂದು, ವರ್ಷಗಟ್ಟಲೆ ಪದ ಪದವನ್ನೂ ಕೂಡಿಸಿ 1894ರಲ್ಲಿ ನಿಘಂಟನ್ನು ನಮ್ಮ ಕೈಗಿಟ್ಟದ್ದೂ ಇಂಥ ಭಕ್ತಿಯೇ. ಬಸವಣ್ಣನವರ ಕೂಡಲಸಂಗಮ ನಮಗೆ ದೂರವೇನಲ್ಲ; ಕಾಯಕ ಎಂಬ ಮಾತನ್ನು ಈ ಸೀಮೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟು ಹೇಳಿದ್ದು ಪೀಠಿಕೆ. ಈಗ ನನ್ನ ಮಾತು. ಇದನ್ನು ಓದುವವರಲ್ಲಿ ನನ್ನ ತಮ್ಮನ ಮಕ್ಕಳೂ ಇದ್ದಾರೆ, ಅವರ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ.

ನಮ್ಮ ತಂದೆಯವರು ಕೃಷ್ಣೆಯ ದಂಡೆಯಲ್ಲಿ ಐದು ಎಕರೆ ಹೊಲ ಕೊಂಡಿದ್ದರು. ನಾನು ನೌಕರಿಯಲ್ಲಿದ್ದೆ, ತಮ್ಮ ಆ ಹೊಲ ಮಾಡುತ್ತಿದ್ದ. ಅದರಲ್ಲಿ ಬಾವಿ ತೆಗೆದವನು, ದಂಡೆಗುಂಟ ಮಾವಿನ ಗಿಡ ಹಚ್ಚಿದವನು ಅವನೇ. ತಂದೆಯವರು 1996ರಲ್ಲಿ ತೀರಿಕೊಂಡರು. ಆಲಮಟ್ಟಿಯ ಹಿನ್ನೀರಿಗೆ ಆ ಹೊಲ ಮುಳುಗಡೆಯಾಗಿ 1998ರಲ್ಲಿ ಪರಿಹಾರ ಬಂತು. ಹಿರಿಯನೆಂದು ಕಾಗದಪತ್ರಗಳಲ್ಲಿ ನನ್ನ ಹೆಸರು ಮುಂದಿತ್ತು. ಭೂಮಿಯ ಹಣವನ್ನು ಸರಿಯಾಗಿ ಎರಡು ಪಾಲು ಮಾಡಿದೆ. ಊರವರು, "ಮಾಸ್ತರರು ಧರ್ಮದಿಂದ ನಡಕೊಂಡರು" ಎಂದರು. ನಾನೂ ಹಾಗೆಯೇ ನಂಬಿದೆ.

ಆದರೆ ಬಾವಿಗೂ ಗಿಡಗಳಿಗೂ ಬೇರೆಯಾಗಿ 42,000 ರೂಪಾಯಿ ಬಂದಿತ್ತು. ಅದನ್ನು ನನ್ನ ಖಾತೆಗೆ ಜಮಾ ಮಾಡಿಕೊಂಡೆ. ತಂದೆಯವರ ಔಷಧೋಪಚಾರಕ್ಕೆ ಖರ್ಚು ಮಾಡಿದವನು ನಾನಲ್ಲವೇ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ತಮ್ಮನಿಗೆ ಅದು ಬೇರೆಯವರಿಂದ ಗೊತ್ತಾಯಿತು. ಕೇಳಲು ಬಂದ, ನಾನು ಸಿಟ್ಟಾದೆ. ಅಂದಿನಿಂದ ಹನ್ನೊಂದು ವರ್ಷ ನಮ್ಮಲ್ಲಿ ಮಾತಿರಲಿಲ್ಲ.

ಆ ಹನ್ನೊಂದು ವರ್ಷಗಳಲ್ಲಿ ನಾನು ಒಂದು ಭಾನುವಾರವೂ ಆರಾಧನೆ ತಪ್ಪಿಸಲಿಲ್ಲ. ಮೊದಲ ಸಾಲಿನಲ್ಲಿ ಕುಳಿತೆ, ಪಾಠ ಓದಿದೆ, ಕರ್ತನ ಭೋಜನದಲ್ಲಿ ಪಾಲುಗೊಂಡೆ. ಲಾಟರಿ, ಸಾರಾಯಿಗಳ ವಿರುದ್ಧ ಮಕ್ಕಳಿಗೆ ಬೋಧಿಸಿದೆ. ಕಾಣಿಕೆಯನ್ನು ಬಲಿಪೀಠದ ಮುಂದೆ ಬಿಟ್ಟು, ಮೊದಲು ಹೋಗಿ ಸಹೋದರನೊಡನೆ ಒಂದಾಗು ಎಂಬ ಯೇಸುವಿನ ಬೋಧನೆಯನ್ನು ನಾನೇ ಎಷ್ಟೋ ಸಲ ವಿವರಿಸಿದ್ದೆ. ಕಾಣಿಕೆ ಚೀಲ ಬಂದಾಗ ಹಣ ಹಾಕಿ ಕುಳಿತಿರುತ್ತಿದ್ದೆ.

2009ರಲ್ಲಿ ಒಂದು ದಿನ ಸಂಡೇ ಸ್ಕೂಲಿನ ಮಕ್ಕಳಿಗೆ ಲೂಕನ ಸುವಾರ್ತೆಯ ಒಂದು ಪ್ರಸಂಗ ಹೇಳುತ್ತಿದ್ದೆ. ಒಬ್ಬನು ಯೇಸುವಿನ ಬಳಿ ಬಂದು, ತನ್ನ ಅಣ್ಣ ಆಸ್ತಿಯಲ್ಲಿ ಪಾಲು ಕೊಡುವಂತೆ ಹೇಳಬೇಕೆಂದು ಕೇಳುತ್ತಾನೆ. ಯೇಸು ಪಾಲು ಮಾಡಿಸುವ ನ್ಯಾಯಾಧಿಪತಿಯಾಗಲು ಒಪ್ಪದೆ, ಲೋಭದ ವಿಷಯದಲ್ಲಿ ಎಚ್ಚರಿಕೆ ಕೊಡುತ್ತಾನೆ. ಪಾಠ ಮುಗಿದಾಗ ಎಂಟು ವರ್ಷದ ಹುಡುಗನೊಬ್ಬ ಎದ್ದು, "ಸರ್, ಕಡೀಕ ಆ ಅಣ್ಣ ಪಾಲು ಕೊಟ್ಟನೇನ್ರಿ?" ಎಂದ. ಅವನಿಗೆ ನಮ್ಮ ಮನೆಯ ವಿಷಯ ಗೊತ್ತಿರಲಿಲ್ಲ. ಸುವಾರ್ತೆಯಲ್ಲಿ ಆ ಪ್ರಶ್ನೆಗೆ ಉತ್ತರವಿಲ್ಲ. ನನಗೂ ಉತ್ತರ ಕೊಡಲಾಗಲಿಲ್ಲ.

ಆ ವಾರವೇ ಬ್ಯಾಂಕಿನಿಂದ ಬಡ್ಡಿಸಮೇತ ಹಣ ತೆಗೆದುಕೊಂಡು ತಮ್ಮನ ಮನೆಗೆ ಹೋದೆ. ನಾವಿಬ್ಬರೂ ಅಪ್ಪಿಕೊಂಡು ಅತ್ತೆವು ಎಂದು ಬರೆದರೆ ಓದುವವರಿಗೆ ಸಂತೋಷವಾದೀತು. ಆದರೆ ಹಾಗಾಗಲಿಲ್ಲ. ಅವನು ಹಣವನ್ನು ಎಣಿಸಲಿಲ್ಲ. ಬಹಳ ಹೊತ್ತು ಸುಮ್ಮನೆ ಕುಳಿತು, "ಅಣ್ಣಾ, ರೊಕ್ಕ ಬಂತು. ಹನ್ನೊಂದು ವರ್ಷ ಬರತಾವೇನು?" ಎಂದ. ಅವನ ಹೆಂಡತಿ ಚಹಾ ತಂದಿಟ್ಟಳು. ಕುಡಿದು ಬಂದೆ. ಮುಂದೆ ಮಾತುಕತೆ ಇತ್ತು, ಮದುವೆ ಮುಂಜಿಗಳಿಗೆ ಹೋಗಿ ಬರುವುದಿತ್ತು. ಚಿಕ್ಕಂದಿನ ಸಲಿಗೆ ಮಾತ್ರ ಮರಳಲಿಲ್ಲ. 2019ರಲ್ಲಿ ಅವನು ತೀರಿಕೊಂಡ. ದೇವರು ನನ್ನನ್ನು ಕ್ಷಮಿಸಿದ್ದಾನೆಂದು ನಂಬಿದ್ದೇನೆ. ಆದರೆ ಕ್ಷಮೆಯಿಂದ ಕಳೆದ ಕಾಲ ಹಿಂದಕ್ಕೆ ಬರುವುದಿಲ್ಲ.

ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ನಾವಿಬ್ಬರೂ ಜಗಳವಾಡುವಾಗ ನಮ್ಮ ತಂಗಿಯನ್ನು ಇಬ್ಬರೂ ನೆನೆಯಲಿಲ್ಲ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಂತೆ, ಉಯಿಲು ಇಲ್ಲದಿರುವಾಗ ಕ್ರೈಸ್ತ ಕುಟುಂಬದ ಮಗಳಿಗೂ ಮಗನಷ್ಟೇ ಪಾಲು. ಅವಳಿಂದ ಹಕ್ಕು ಬಿಟ್ಟಂತೆ ಸಹಿ ಹಾಕಿಸಿಕೊಂಡಿದ್ದೆವು. ಅವಳು ಕೇಳಿರಲಿಲ್ಲ, ನಿಜ. ಕೇಳದಿದ್ದ ಮಾತ್ರಕ್ಕೆ ಮನಸಾರೆ ಬಿಟ್ಟುಕೊಟ್ಟಂತಾಗುವುದಿಲ್ಲ. ನನ್ನ ಪಾಲಿನಿಂದ ಅವಳಿಗೆ ಸಲ್ಲಬೇಕಾದುದನ್ನು ಕೊಟ್ಟದ್ದು 2012ರಲ್ಲಿ. ಆಗ ಅವಳ ಮಕ್ಕಳ ಓದಿನ ಕಾಲ ಮುಗಿದಿತ್ತು. ಹಣ ಹೆಚ್ಚು ಬೇಕಾಗಿದ್ದದ್ದು ಅದಕ್ಕಿಂತ ಮೊದಲು.

ಹುಬ್ಬಳ್ಳಿಯ ನನ್ನ ಶಿಷ್ಯನಿಗೆ ಈಗ ನನ್ನ ಉತ್ತರವಿದು. ದೂರ ಹೋಗಬೇಡ. ನೀನು ಎಲ್ಲಿಗೆ ಹೋದರೂ ಪಾಪ ನಿನ್ನ ಜೊತೆಗೇ ಬರುತ್ತದೆ. ಅದು ನಿನ್ನ ಕಿಸೆಯ ಪಾಸ್‌ಬುಕ್ಕಿನಲ್ಲಿರಬಹುದು. ಆಫೀಸಿನಲ್ಲಿ ಇದ್ದುಕೊಂಡೇ ಲಂಚ ಬೇಡವೆನ್ನು. ಬಡವನ ಕಡತವನ್ನು ತಡೆಯದೆ ಮುಂದೆ ಕಳಿಸು, ಅದೂ ಪ್ರಾರ್ಥನೆಯೇ. ಊರಿನ ರಾಜಕೀಯ ಹೊಲಸೆಂದು ಒಳ್ಳೆಯವರೆಲ್ಲ ಮನೆಯಲ್ಲಿ ಕುಳಿತರೆ ಪಂಚಾಯಿತಿ ಯಾರ ಕೈಗೆ ಹೋಗುತ್ತದೆಂದು ಯೋಚಿಸು. ಇನ್ನೊಬ್ಬರ ಪಾಪವನ್ನು ಎಣಿಸುವ ಮೊದಲು ನಿನ್ನ ಲೆಕ್ಕ ನೋಡಿಕೋ. ತಪ್ಪು ಕಂಡರೆ ದೇವರಿಗೆ ಅರಿಕೆ ಮಾಡಿ ಸುಮ್ಮನಾಗಬೇಡ; ಯಾರಿಂದ ಕಿತ್ತುಕೊಂಡೆಯೋ ಅವರ ಮನೆಗೆ ಹೋಗು. ಜಕ್ಕಾಯನು ನಾಲ್ಕರಷ್ಟು ಹಿಂದಕ್ಕೆ ಕೊಡುತ್ತೇನೆ ಎಂದನು. ಬಡ್ಡಿ ಮಾತ್ರ ಕೊಟ್ಟ ನಾನು ಅವನಿಗಿಂತ ಬಹಳ ಹಿಂದೆ ಉಳಿದವನು.

ಈ ಮಾತನ್ನು ಈಗಲೇ ಬರೆಯಲು ಕಾರಣವುಂಟು. ಆಲಮಟ್ಟಿ ಅಣೆಕಟ್ಟಿನಲ್ಲಿ ನೀರಿನ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸುವ ಮೂರನೆಯ ಹಂತಕ್ಕಾಗಿ, ಮುಳುಗಡೆಯಾಗುವ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣಬೇಸಾಯದ ಜಮೀನಿಗೆ 30 ಲಕ್ಷ ರೂಪಾಯಿ ಪರಿಹಾರ ಕೊಡಲು ರಾಜ್ಯ ಸಚಿವ ಸಂಪುಟ 2025ರ ಸೆಪ್ಟೆಂಬರಿನಲ್ಲಿ ಒಪ್ಪಿತು. ನಮ್ಮ ಬೀಳಗಿ ಸೀಮೆಯ ಎಷ್ಟೋ ಮನೆಗಳಲ್ಲಿ ಈಗ ಅದೇ ಮಾತು. ನಾನು ನನ್ನ ತಮ್ಮನನ್ನು ಕಳೆದುಕೊಂಡದ್ದು 42,000 ರೂಪಾಯಿಗೆ. ಲಕ್ಷಗಳು ಬಂದಾಗ ಏನಾದೀತೆಂದು ಹೆದರಿಕೆಯಾಗುತ್ತದೆ.

ಆದ್ದರಿಂದ ನನ್ನ ವಿದ್ಯಾರ್ಥಿಗಳಲ್ಲಿ, ನೀವು ಯಾವ ಧರ್ಮದವರೇ ಆಗಿರಿ, ಒಂದು ವಿನಂತಿ. ಹಣ ಬರುವ ಮೊದಲೇ ಅಣ್ಣತಮ್ಮಂದಿರು, ಅಕ್ಕತಂಗಿಯರು ಒಂದೆಡೆ ಕುಳಿತುಕೊಳ್ಳಿರಿ. ಹೊಲ ಯಾರದು, ಬಾವಿ ಯಾರು ತೆಗೆದರು, ಗಿಡ ಯಾರು ಹಚ್ಚಿದರು, ಎಲ್ಲವನ್ನೂ ಎಲ್ಲರೆದುರು ಬರೆದಿಡಿರಿ. ಹೆಣ್ಣುಮಕ್ಕಳಿಂದ ಸಹಿ ಕೇಳುವ ಮೊದಲು ಅವರ ಮನಸ್ಸನ್ನು ಕೇಳಿರಿ.

ನನಗೀಗ ಎಪ್ಪತ್ತೇಳು ವರ್ಷ. ಭಾನುವಾರ ಈಗ ಹಿಂದಿನ ಸಾಲಿನಲ್ಲಿ ಕುಳಿತುಕೊಳ್ಳುತ್ತೇನೆ; ಮೊಣಕಾಲು ನೋವೆಂದು ಕೇಳಿದವರಿಗೆ ಹೇಳುತ್ತೇನೆ. ಆ ಸಂಡೇ ಸ್ಕೂಲಿನ ಹುಡುಗ ಇಂದು ದೊಡ್ಡವನಾಗಿದ್ದಾನೆ, ಇದನ್ನು ಓದುತ್ತಿದ್ದರೂ ಓದುತ್ತಿರಬಹುದು. ಅಪ್ಪಾ, ನಿನ್ನ ಪ್ರಶ್ನೆಗೆ ಅಂದು ಉತ್ತರಿಸದೆ ತರಗತಿ ಬಿಟ್ಟಿದ್ದೆ. ಕೊಟ್ಟನಪ್ಪಾ, ಆದರೆ ತಡಮಾಡಿ ಕೊಟ್ಟನು.

ಎಲ್ಲರಿಗೂ ಒಳ್ಳೆಯದಾಗಲಿ.